ಫುಟ್‌ಪಾತಿನ ಹಾಲುಗಂಬ

ಆಗಷ್ಟೇ ಕಡಿದ ಅತ್ತಿ ಕೊಂಬೆಗೆ ಅದರದೇ ಒಂದು ವಾಸನೆಯಿದೆ. ಹಸಿ ತೊಗಟೆಯದು, ಕಡಿದ ಜಾಗದಲ್ಲಿ ಒಸರುವ ಬಿಳಿ ಸೊನೆಯದು. ಅದಕ್ಕೆ ಒದ್ದೆ ಅರಿಶಿನವೂ ಕರ್ಪೂರದ ಹೊಗೆಯೂ ಸೇರಿದರೆ ಮದುವೆಮನೆಯ ಮುಂದೆ ನಿಂತಿದ್ದೇವೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಕಳೆದ ವಾರ ವಸಂತಪುರದ ಒಂದು ಓಣಿಯಲ್ಲಿ ಅಮ್ಮನನ್ನು ಆಟೋದಿಂದ ಮೆಲ್ಲಗೆ ಇಳಿಸಿಕೊಳ್ಳುತ್ತಿದ್ದಾಗ ಆ ವಾಸನೆ ಬಂತು. ಇಬ್ಬರೂ ಒಂದು ಕ್ಷಣ ಹಾಗೇ ನಿಂತೆವು. ನಾವು ಹೋಗಿದ್ದದ್ದು ಮದುವೆಯ ಚಪ್ಪರಕ್ಕೇ, ಆದ್ದರಿಂದ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಯಾರ ಮದುವೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ಕ್ಷಣ ನನ್ನ ಕಣ್ಣ ಮುಂದೆ ಬಂದು ನಿಂತವರು ಮೂಲೆಮನೆ ಆಂಟಿ… ಒಂದು ಕೈಯಲ್ಲಿ ಹಿತ್ತಾಳೆ ಗಿಂಡಿ, ಇನ್ನೊಂದು ಕೈಯಲ್ಲಿ ಸೀರೆಯ ಸೆರಗು.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಒಬ್ಬರ ಮಾತನ್ನೇ ನಂಬಿ ಏನನ್ನೂ ಬರೆಯಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಅದು ನನ್ನದೇ ಚಾಳಿಯಾಗಿಬಿಟ್ಟಿದೆ. ಆದರೆ ಈಗ ಬರೆಯಹೊರಟಿರುವ ದಿನಕ್ಕೆ ನನ್ನ ಬಳಿ ಇದ್ದ ಸಾಕ್ಷಿಗಳು ಎರಡೇ, ನನ್ನ ನೆನಪು ಮತ್ತು ಅಮ್ಮನ ನೆನಪು. ಮುಕ್ಕಾಲು ಭಾಗ ಎರಡೂ ಒಟ್ಟಿಗೇ ನಡೆಯುತ್ತವೆ. ಒಂದು ಜಾಗಕ್ಕೆ ಬಂದಾಗ ಮಾತ್ರ ಬೇರೆ ಬೇರೆ ದಾರಿ ಹಿಡಿಯುತ್ತವೆ. ದಿನಚರಿ ಬರೆಯುವ ಅಭ್ಯಾಸ ಆಗಲೂ ನನಗಿತ್ತು, ಆದರೆ ಆ ದಿನದ ಪುಟದಲ್ಲಿರುವುದು ‘ಬೀದಿಯಲ್ಲಿ ಗಲಾಟೆ, ಕಾಲೇಜಿಗೆ ಹೋಗಲಿಲ್ಲ’ ಎಂಬ ಒಂದೇ ಸಾಲು. ಬರೆಯಬೇಕಾದ ದಿನಗಳಲ್ಲಿ ನಾವು ಬರೆಯುವುದೇ ಇಲ್ಲ.

ಜೆ.ಪಿ. ನಗರದಲ್ಲಿ ಪಾರ್ಕಿನ ಎದುರಿನ ಒಂದು ಮನೆಯ ಮಹಡಿಯಲ್ಲಿ ನಾನೂ ಅಮ್ಮನೂ ಬಾಡಿಗೆಗಿದ್ದೆವು. ಮೆಟ್ರೊ ಇನ್ನೂ ಓಡಲು ಶುರುಮಾಡಿರಲಿಲ್ಲ, ಕಂಬಗಳಷ್ಟೇ ಎದ್ದಿದ್ದವು. ನಮ್ಮ ಬಾಲ್ಕನಿಯಿಂದ ಬೀದಿಯಾಚೆ ನೋಡಿದರೆ ಮೊದಲು ಮೂಲೆಮನೆಯ ಗೇಟು, ಅದರ ಪಕ್ಕ ಒಂದು ಅಪಾರ್ಟ್‌ಮೆಂಟಿನ ಹಿಂಬಾಗಿಲು, ಆಮೇಲೆ ಪಾರ್ಕಿನ ಉದ್ದನೆಯ ಗೋಡೆ. ಗೋಡೆಗೆ ಅಂಟಿಕೊಂಡು ಅಗಲವಾದ ಫುಟ್‌ಪಾತು.

ಮೂಲೆಮನೆ ಆಂಟಿ ನಮ್ಮ ಬೀದಿಯ ಮೊದಲ ಮುತ್ತೈದೆ. ಯಾರ ಮನೆಯಲ್ಲಿ ಮದುವೆಯಾಗಲಿ, ಚಪ್ಪರಕ್ಕೆ ಮೊದಲು ಅತ್ತಿಯ ಕೊಂಬೆಯೊಂದನ್ನು ಬಾಗಿಲ ಮುಂದೆ ನೆಡುತ್ತಾರಲ್ಲ, ಆ ಹಾಲುಗಂಬಕ್ಕೆ ಮೊದಲ ಹಾಲು ಎರೆಯುವುದು ಅವರ ಹಕ್ಕಾಗಿತ್ತು. ಯಾರೂ ಕೊಟ್ಟ ಹಕ್ಕಲ್ಲ, ತಾವಾಗಿಯೇ ತೆಗೆದುಕೊಂಡದ್ದು. ಹಾಲೆರೆದಾದ ಮೇಲೆ ಕಂಬವನ್ನು ಕೈಯಿಂದ ಮುಟ್ಟಿ, “ಇನ್ನು ಇದನ್ನ ಯಾರೂ ಅಲುಗಿಸೋ ಹಾಗಿಲ್ಲ, ಹುಡುಗಿ ಗಂಡನ ಮನೆಗೆ ಹೋಗಿ ತವರಿಗೆ ಬಂದು ಮಡಿಲಕ್ಕಿ ತಗೊಂಡು ಹೋಗೋವರೆಗೂ” ಎಂದು ಮನೆಯವರಿಗೆ ತಾಕೀತು ಮಾಡಿ ಬರುವರು. ಕರೆಯುವುದನ್ನು ಮರೆತ ಮನೆಯವರ ಮೇಲೆ ಅವರ ಸಿಟ್ಟು ವರ್ಷಗಟ್ಟಲೆ ಉಳಿಯುತ್ತಿತ್ತು. ಅಮ್ಮ ಅವರ ಒಳ್ಳೆಯ ಸ್ನೇಹಿತೆ, ಸಂಜೆಯ ಕಾಫಿಗೆ ಜೊತೆಗಾತಿ. ಆದರೆ ಅಪ್ಪ ತೀರಿಕೊಂಡ ಮೇಲೆ ಇಂಥ ಶಾಸ್ತ್ರಗಳಲ್ಲಿ ಅಮ್ಮ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಿದ್ದಳು, ಆಂಟಿಯೂ ಅವಳನ್ನು ಮುಂದಕ್ಕೆ ಕರೆಯುತ್ತಿರಲಿಲ್ಲ. ಆ ಬಗ್ಗೆ ಅವರಿಬ್ಬರೂ ಮಾತಾಡಿಕೊಂಡದ್ದನ್ನು ನಾನು ಕೇಳಿಲ್ಲ.

ಆಂಟಿಯ ಇನ್ನೊಂದು ಹೆಗ್ಗಳಿಕೆ ಫುಟ್‌ಪಾತು. ಅಲ್ಲಿ ಮೂರು ಕುಟುಂಬಗಳು ಬಂದು ಇಳಿದಿದ್ದವು. ರಾಯಚೂರಿನ ಕಡೆಯವರು, ಕೇಬಲ್ಲಿಗೆ ಗುಂಡಿ ತೋಡಲು ಬಂದವರು. ಕೆಲಸ ಮುಗಿದಾಗ ಕಂಟ್ರಾಕ್ಟರು ಅವರಿದ್ದ ತಗಡಿನ ಶೆಡ್ಡು ಬಿಚ್ಚಿಕೊಂಡು ಹೊರಟುಹೋದ. ಊರಿಗೆ ಹೋಗೋಣವೆಂದರೆ ಅಲ್ಲಿಯ ಮನೆಗಳ ಗೋಡೆ ಬಿದ್ದು ವರ್ಷವಾಗಿತ್ತು. ಬಾಡಿಗೆಗೆ ಹೋಗೋಣವೆಂದರೆ ಅಡ್ವಾನ್ಸಿಲ್ಲ, ಅದಕ್ಕಿಂತ ಹೆಚ್ಚಾಗಿ ಇಂಥವರು ಗೊತ್ತು ಎಂದು ಹೇಳುವವರಿಲ್ಲ. ದಿನವೂ ಎಲ್ಲಾದರೂ ಕೂಲಿಗೆ ಹೋಗಿ ಬಂದು, ಪಾರ್ಕಿನ ಗೋಡೆಗೆ ನೀಲಿ ಟಾರ್ಪಾಲು ಕಟ್ಟಿಕೊಂಡು ಮಲಗುತ್ತಿದ್ದರು.

ಊರು ಇಂಥವರನ್ನು ‘ಎದ್ದು ಹೋಗಿ’ ಎಂದು ನೇರವಾಗಿ ಹೇಳುವುದಿಲ್ಲ. ಅದಕ್ಕೆ ಬೇರೆ ಭಾಷೆಯಿದೆ. ಪಾರ್ಕಿನ ಬೆಂಚುಗಳ ನಡುವೆ ಒಂದು ಕಬ್ಬಿಣದ ಅಡ್ಡಪಟ್ಟಿ ಬಂತು, ಕೂರಬಹುದು, ಮಲಗಲಾಗದು. ಬಸ್‌ಸ್ಟಾಪಿನ ನೆರಳಿಗೆ ಎರಡು ದಪ್ಪ ಬಂಡೆ ಬಂದು ಕುಳಿತವು. ಆಂಟಿಯ ಭಾಷೆ ಎಲ್ಲಕ್ಕಿಂತ ಸಂಭಾವಿತವಾದದ್ದು. ದಿನವೂ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ನೆಪದಲ್ಲಿ ಪೈಪು ಹಿಡಿದು ಹೊರಟರೆ, ತಮ್ಮ ಗೇಟಿನ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಪಾರ್ಕಿನ ಗೋಡೆಯ ಕೊನೆಯವರೆಗೂ ತೊಳೆಯುತ್ತ ಹೋಗುವರು. ಟಾರ್ಪಾಲಿನವರು ಚಾಪೆ ಸುತ್ತಿಕೊಂಡು ಎದ್ದು ನಿಲ್ಲುವರು. ತೊಳೆದಾದ ಮೇಲೆ ಆಂಟಿ ನಮ್ಮ ಬಾಲ್ಕನಿಯತ್ತ ನೋಡಿ, “ನೋಡ್ರಿ ಲೆಕ್ಚರರ್ ಮೇಡಂ, ಹೇಗೆ ಪಳಪಳ ಅಂತಿದೆ!” ಎನ್ನುವರು. ನೀರಿನಿಂದ ಆಗದ ಕೆಲಸಕ್ಕೆ ಕುಂಡಗಳು ಬಂದವು. ದಪ್ಪ ಸಿಮೆಂಟಿನ ಕುಂಡಗಳು, ಒಂದೊಂದರ ಮೇಲೂ ಅವರ ಮನೆಯ ನಂಬರು ಕೆಂಪು ಬಣ್ಣದಲ್ಲಿ. ಮನುಷ್ಯನೊಬ್ಬ ಕಾಲು ಚಾಚಿ ಮಲಗುವಷ್ಟು ಜಾಗ ಎಲ್ಲಿಯೂ ಉಳಿಯದ ಹಾಗೆ ಅವನ್ನು ಫುಟ್‌ಪಾತಿನುದ್ದಕ್ಕೂ ಇಡಿಸಿದರು. ಟಾರ್ಪಾಲಿನವರು ಕುಂಡಗಳ ನಡುವೆ ಮುದುಡಿ ಮಲಗುವುದನ್ನು ಕಲಿತರು. ನಾನು ಬಾಲ್ಕನಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದೆ, ಕಾಫಿ ಕುಡಿಯುತ್ತ.

ಕೊನೆಗೊಂದು ಭಾನುವಾರ ಪಾರ್ಕಿನಲ್ಲಿ ಬೀದಿಯ ಸಂಘದ ಮೀಟಿಂಗು ಆಯಿತು. ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು, ಯಾವ ಮಾತನ್ನೂ ಗಂಟಲು ಸರಿಮಾಡಿಕೊಳ್ಳದೆ ಆಡುತ್ತಿರಲಿಲ್ಲ. “ನಾವೇನು ಕಟುಕರಲ್ಲ. ಅವರಿಗೂ ಒಳ್ಳೇದಾಗ್ಲಿ. ಆದ್ರೆ ಬೇರೆ ಎಲ್ಲಾದ್ರೂ ಆಗ್ಲಿ” ಎಂದರು. ಎಲ್ಲರಿಗೂ ಈ ಮಾತು ಹಿಡಿಸಿತು. ನಗರಪಾಲಿಕೆಯ ಕಚೇರಿಗೆ ಫೋನು ಮಾಡುವ ಕೆಲಸವನ್ನು ಆಂಟಿ ಮೈಮೇಲೆ ಹಾಕಿಕೊಂಡರು. ಅವರು ಹಿಡಿದರೆ ಬಿಡುವವರಲ್ಲ. ಬೆಳಿಗ್ಗೆ ಸಂಜೆ ಫೋನು ಹೊಡೆದರು. ಬರುವ ಗುರುವಾರ ಲಾರಿ ಬಂದು ಎಲ್ಲರನ್ನೂ ಊರಾಚೆಯ ನಿರಾಶ್ರಿತರ ಕೇಂದ್ರಕ್ಕೆ ಕರೆದೊಯ್ಯುತ್ತದೆ ಎಂದು ಸಂಘದ ವಾಟ್ಸಾಪಿನಲ್ಲಿ ಸುದ್ದಿ ಹಾಕಿದವರೂ ಅವರೇ. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು.

ಆ ಗುರುವಾರ ಬೆಳಿಗ್ಗೆ ನಾನು ಬಟ್ಟೆ ಹರವುತ್ತಿದ್ದೆ. ಆಂಟಿ ಸ್ನಾನ ಮುಗಿಸಿ ಪೈಪು ಹಿಡಿದು ಗೇಟಿನ ಹೊರಗೆ ಬಂದವರು ಗಕ್ಕನೆ ನಿಂತರು. ಅಪಾರ್ಟ್‌ಮೆಂಟಿನ ಹಿಂಬಾಗಿಲ ಬಳಿ, ಫುಟ್‌ಪಾತಿನ ಚಪ್ಪಡಿಯೊಂದು ಕಿತ್ತುಹೋಗಿ ಮಣ್ಣು ಕಾಣುತ್ತಿದ್ದ ಜಾಗದಲ್ಲಿ, ಒಂದು ಅತ್ತಿಯ ಕೊಂಬೆ ನೆಟ್ಟಗೆ ನಿಂತಿತ್ತು. ತುದಿಯಲ್ಲಿ ಎಲೆ, ನಡುವಿನಲ್ಲಿ ಅರಿಶಿನದ ಬಟ್ಟೆಯ ಗಂಟು, ಬುಡದಲ್ಲಿ ಮಾವಿನ ಸೊಪ್ಪು. ಹತ್ತಿರ ಯಾರೂ ಇರಲಿಲ್ಲ.

ಆ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಡಾಕ್ಟರ ಮಗಳ ಮದುವೆ ಆ ತಿಂಗಳು ನಿಶ್ಚಯವಾಗಿರುವ ವಿಷಯ ಬೀದಿಗೆಲ್ಲ ಗೊತ್ತಿತ್ತು. ಆಂಟಿಗೆ ಇನ್ನೂ ಕರೆ ಬಂದಿರಲಿಲ್ಲ, ಆ ಬಗ್ಗೆ ಅಮ್ಮನ ಬಳಿ ಎರಡು ಸಲ ಗೊಣಗಿಯೂ ಆಗಿತ್ತು. ಈಗ ಕರೆಯದೆ ಹಾಲುಗಂಬವನ್ನೂ ನೆಟ್ಟುಬಿಟ್ಟಿದ್ದಾರೆ! ಅವರು ಪೈಪನ್ನು ಅಲ್ಲೇ ಎಸೆದರು. ಒಳಗೆ ಹೋದವರು ಗಿಂಡಿ ತುಂಬ ಹಾಲು, ಅರಿಶಿನ ಕುಂಕುಮದ ಬಟ್ಟಲು, ಆರತಿ ಎಲ್ಲ ಹಿಡಿದುಕೊಂಡು ಬಂದರು. “ಕರೀದಿದ್ರೆ ನಾನ್ ಬರಲ್ಲ ಅಂದ್ಕೊಂಡಿದಾರೆ” ಎಂದು ನನಗೆ ಕೇಳುವಂತೆ ಹೇಳಿ, ಕಂಬಕ್ಕೆ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಧಾರೆಯಾಗಿ ಹಾಲೆರೆದರು. ಆರತಿ ಎತ್ತಿದರು. ಏನೋ ಹಾಡಿನ ಎರಡು ಸಾಲನ್ನೂ ಹೇಳಿದರು. ಯುದ್ಧ ಗೆದ್ದವರ ಮುಖವಾಗಿತ್ತು ಅದು.

ಆಗ ಟಾರ್ಪಾಲಿನ ಹಿಂದಿನಿಂದ ಒಬ್ಬಳು ಹೆಂಗಸು ಎದ್ದು ಬಂದಳು. ಬಳೆಯಿಲ್ಲದ ಬರಿಗೈ, ಬರಿಹಣೆ. ಬಂದವಳೇ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು.

“ಯಾರ್ದು ಇದು ಮದುವೆ?” ಎಂದರು ಆಂಟಿ.

“ನಮ್ದರೀ ಯವ್ವಾ. ನನ್ನ ಹಿರೇ ಮಗಳ ಲಗ್ನ ಐತ್ರಿ, ನಾಳಿಗಿ.”

ಗಿಂಡಿಯ ಮೂತಿಯಿಂದ ಇನ್ನೂ ಹನಿ ಬೀಳುತ್ತಿತ್ತು.

ಆ ತಾಯಿ ಹೇಳಿದ್ದು ಇಷ್ಟು. ಗಂಡಿನ ಕಡೆಯವರೂ ಕೂಲಿ ಕೆಲಸದವರೇ, ಆದರೆ ವಸಂತಪುರದಲ್ಲಿ ಶೀಟು ಹೊದಿಸಿದ ಒಂದು ರೂಮು ಅವರಿಗಿದೆ. ಆ ರೂಮಿನಿಂದಾಗಿ ಅವರ ಮಾತಿಗೆ ತೂಕ ಜಾಸ್ತಿ. ಹುಡುಗಿ ಹಂದರದ ಕೆಳಗಿನಿಂದಲೇ ಎದ್ದು ಬರಬೇಕು, ಹಂದರವಿಲ್ಲದ ಹುಡುಗಿಯನ್ನು ತರುವುದಿಲ್ಲ ಎಂದುಬಿಟ್ಟಿದ್ದಾರೆ. ಚಪ್ಪರಕ್ಕೆ ಅವರ ಕಡೆ ಹಂದರ ಎನ್ನುತ್ತಾರೆ. ಮನೆಯೇ ಇಲ್ಲದವರು ಹಂದರ ಹಾಕುವುದೆಲ್ಲಿ? ಫುಟ್‌ಪಾತಿನಲ್ಲೇ ಹಾಕೋಣವೆಂದರೆ ಉದ್ದಕ್ಕೂ ಕುಂಡಗಳು. ಕಂಬ ನೆಡಲು ಮಣ್ಣು ಸಿಕ್ಕಿದ್ದು ಇದೊಂದೇ ಕಡೆ. ಜೊತೆಯ ಹೆಂಗಸರು ಹುಡುಗಿಗೆ ಎಣ್ಣೆನೀರು ಹಾಕಿಸಲು ಸಾರ್ವಜನಿಕ ಶೌಚಾಲಯದ ನಲ್ಲಿಗೆ ಕರೆದುಕೊಂಡು ಹೋಗಿದ್ದಾರೆ. ಅವರು ಬರುವ ತನಕ ಕಂಬಕ್ಕೆ ಹಾಲೆರೆಯಲು ಯಾರಿಲ್ಲ. “ನಾ ಎರಿಯಾಂಗಿಲ್ರಿ, ಗಂಡ ಇಲ್ಲದಾಕಿ. ದೂರ ಕುಂತಿದ್ದೆ. ದೇವ್ರು ಬಂದಂಗ ಬಂದ್ರಿ ನೀವು.”

ಆಂಟಿ ತಮ್ಮ ಕುಂಡಗಳ ಸಾಲನ್ನೊಮ್ಮೆ ನೋಡಿದರು. ಗೇಟು ತೆರೆದು ಒಳಗೆ ಹೋದರು.

ವರಾಂಡದಲ್ಲಿ ಪೇಪರು ಓದುತ್ತಿದ್ದ ಅಂಕಲ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ನೋಡ್ದೆ ಕೇಳ್ದೆ ಯಾಕೆ ಹಾಕಕ್ಕೆ ಹೋದೆ? ಇವತ್ತು ಲಾರಿ ಬರತ್ತಲ್ಲ?” ಎಂದರು.

“ಹಾಕಿದ್ದನ್ನ ವಾಪಸ್ ತಗೊಳಕ್ಕೆ ಅದೇನು ಕಾಫಿಗೆ ಸಾಲ ಕೊಟ್ಟ ಹಾಲಾ?” ಎಂಬುದು ಬೀದಿಗೆಲ್ಲ ಕೇಳಿತು. ಆಮೇಲೆ ಬಾಗಿಲು ಹಾಕಿಕೊಂಡ ಸದ್ದು.

ಈ ನಡುವಿನ ಒಂದೆರಡು ಗಂಟೆ ಅವರು ಏನು ಮಾಡಿದರೋ ನನಗೆ ಗೊತ್ತಿಲ್ಲ. ನಾನಾಗಿದ್ದರೆ ಎರಡೂ ಕಡೆಯ ವಾದಗಳನ್ನು ತೂಗಿ ನೋಡುತ್ತ ಮಧ್ಯಾಹ್ನ ಮಾಡುತ್ತಿದ್ದೆ. ಅಂಕಲ್ ಆಮೇಲೆ ಹೇಳಿದ್ದು ಬೇರೆ: “ಏನೂ ಮಾಡ್ಲಿಲ್ಲ ಕಣಮ್ಮ. ಬೇರೆ ಸೀರೆ ಉಟ್ಕೊಂಡ್ಳು ಅಷ್ಟೇ. ಮದುವೆಗೆ ಉಡೋ ಅಂಥದ್ದು.”

ಲಾರಿ ಬಂದಾಗ ಬೀದಿಯ ಜನರೆಲ್ಲ ಗೇಟುಗಳಿಗೆ ಬಂದು ನಿಂತಿದ್ದರು. ನಾನೂ ಅಮ್ಮನೂ ಕೆಳಗಿಳಿದೆವು. ಎಣ್ಣೆನೀರು ಹಾಕಿಸಿಕೊಂಡು ಬಂದ ಹುಡುಗಿಗೆ ಅಷ್ಟರಲ್ಲಿ ಅರಿಶಿನ ಹಚ್ಚಿಯಾಗಿತ್ತು. ಟಾರ್ಪಾಲಿನ ಕೆಳಗೆ ಒಂದು ಇಟ್ಟಿಗೆಯ ಒಳಬದಿಗೆ ಕುಳಿತಿದ್ದಳು. ಆ ಇಟ್ಟಿಗೆ ಹೊಸ್ತಿಲು. ಅರಿಶಿನ ಹಚ್ಚಿದ ಹುಡುಗಿ ಹೊಸ್ತಿಲು ದಾಟಬಾರದಲ್ಲ, ದಾಟಬಾರದೆಂದರೆ ಹೊಸ್ತಿಲೊಂದು ಇರಬೇಕಲ್ಲ! ಇಟ್ಟಿಗೆಗೂ ಅರಿಶಿನ ಬಳಿದು ಕುಂಕುಮ ಇಟ್ಟಿದ್ದರು. ಅವಳ ಮಡಿಲಲ್ಲಿ ತಂಗಿ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು, ಎಂಟೊಂಬತ್ತು ವರ್ಷದವಳು.

ಲಾರಿಯಿಂದ ಇಳಿದ ಅಧಿಕಾರಿ ಕಿರಿಯ ವಯಸ್ಸಿನವನು, ದಣಿದಿದ್ದ, ಮಾತಿನಲ್ಲಿ ಮರ್ಯಾದೆಯಿತ್ತು. ಅವನ ಹಿಂದೆ ಹಾರೆ ಹಿಡಿದ ಕೆಲಸದವರು. ಒಂದು ಟಾರ್ಪಾಲಿನ ಹಗ್ಗ ಬಿಚ್ಚಿದ್ದೂ ಆಯಿತು. ಆಗ ಮೂಲೆಮನೆಯ ಗೇಟು ತೆರೆಯಿತು. ರೇಷ್ಮೆ ಸೀರೆಯಲ್ಲಿ ಆಂಟಿ ಬಂದು ಕಂಬದ ಪಕ್ಕ ನಿಂತರು, ಬೀಗರನ್ನು ಎದುರುಗೊಳ್ಳಲು ನಿಲ್ಲುವವರ ಹಾಗೆ.

“ಇದನ್ನ ಯಾರೂ ಮುಟ್ಟಬೇಡಿ. ಹಾಲೆರೆದಾಗಿದೆ.”

ಅಧಿಕಾರಿ ಮೊಬೈಲು ನೋಡಿ, ಅವರನ್ನು ನೋಡಿ, “ಮೇಡಂ, ದಿನಾ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಿದ್ದು ನೀವೇ ಅಲ್ವಾ?” ಎಂದ.

“ನಾನೇ. ಅದು ಹೋದ ವಾರ. ಇವತ್ತು ಚಪ್ಪರ.”

“ಅಲ್ಲಿ ಕೇಂದ್ರದಲ್ಲಿ ಊಟ ಇದೆ ಮೇಡಂ, ಹಾಸಿಗೆ ಇದೆ. ಇಲ್ಲಿಗಿಂತ ಚೆನ್ನಾಗೇ ಇರ್ತಾರೆ.”

“ಇರ್ಲಿ. ಗಂಡಸರನ್ನ ಒಂದು ಕಡೆ, ಹೆಂಗಸರನ್ನ ಒಂದು ಕಡೆ ಹಾಕ್ತೀರಿ. ಅರಿಶಿನ ಹಚ್ಚಿದ ಹುಡುಗೀನ ಎಲ್ಲಿ ಹಾಕ್ತೀರಿ? ನಾಳೆ ಬೆಳಿಗ್ಗೆ ಮುಹೂರ್ತ. ದಿಬ್ಬಣ ನಿಮ್ಮ ಲಾರೀಲಿ ಹೊರಡತ್ತಾ?”

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು. “ಮೇಡಂ, ಮೀಟಿಂಗಲ್ಲಿ ಎಲ್ಲಾ ಸೇರಿ ತೀರ್ಮಾನ ಆಗಿದ್ದು… ಅದೂ ಅಲ್ದೆ ಆ ಕೊಂಬೆ ಪಾರ್ಕಿನ ಮರದ್ದು.”

ಆಂಟಿ ಅವರತ್ತ ತಿರುಗಿದರು. “ನಿಮ್ಮ ಮಗಳ ಮದುವೇಲಿ ಅತ್ತಿ ಕೊಂಬೆ ಎಲ್ಲಿಂದ ತಂದ್ರಿ?”

ಅಧ್ಯಕ್ಷರು ಪಾರ್ಕಿನ ಕಡೆ ನೋಡಿದರು.

“ಹಾಲು ಯಾರು ಹಾಕಿದ್ರು?”

“…ನೀವೇ.”

“ಇದಕ್ಕೂ ನಾನೇ. ಅದೇ ಗಿಂಡಿ, ಅದೇ ಮರ. ಆವತ್ತು ಯಾರಾದ್ರೂ ಹಾರೆ ತಗೊಂಡು ನಿಮ್ಮ ಬಾಗಿಲಿಗೆ ಬಂದಿದ್ರೆ ಸುಮ್ನೆ ಇರ್ತಿದ್ರಾ?”

ಆಮೇಲೆ ನಡೆದದ್ದನ್ನು ಅಮ್ಮನೂ ನಾನೂ ಒಂದೇ ರೀತಿ ನೆನಪಿಟ್ಟುಕೊಂಡಿದ್ದೇವೆ. ಲಾರಿಯ ಕೆಲಸದವರಲ್ಲಿ ಹಿರಿಯನೊಬ್ಬ ಹಾರೆಯನ್ನು ಕೆಳಗಿಟ್ಟ. ಚಪ್ಪಲಿ ಬಿಟ್ಟು, ಕಂಬದ ಹತ್ತಿರ ಹೋಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. “ಸಾರ್, ನಾನ್ ಕೀಳಲ್ಲ. ಬೇಕಾದ್ರೆ ರಜಾ ಹಾಕ್ಕೊಳಿ. ನಂಗೂ ಹೆಣ್ಮಕ್ಕಳಿದಾರೆ” ಎಂದ. ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಸರಿದು ಲಾರಿಗೆ ಒರಗಿ ನಿಂತರು.

ಅಧಿಕಾರಿ ತಲೆ ಕೆರೆದುಕೊಂಡ. “ಎಲ್ಲಿ ತನಕ ಮೇಡಂ ಇದು?”

“ಹುಡುಗಿ ಗಂಡನ ಮನೆಗೆ ಹೋಗಿ, ತವರಿಗೆ ಬಂದು, ಮಡಿಲಕ್ಕಿ ತಗೊಂಡು ಹೋಗೋ ತನಕ.”

“ತವರು ಎಲ್ಲಿ?”

ಆಂಟಿ ಬಲಗಾಲಿನಿಂದ ಚಪ್ಪಡಿಯನ್ನು ಕುಟ್ಟಿ ತೋರಿಸಿದರು. “ಇಲ್ಲೇ.”

ಅವನು ನಕ್ಕುಬಿಟ್ಟ. ಅಲ್ಲಿಯವರೆಗೆ ಅಷ್ಟು ದಣಿದಂತೆ ಕಂಡ ಮುಖದಲ್ಲಿ ಅಂಥ ನಗುವಿತ್ತೇ ಅನ್ನಿಸಿತು. ಪಕ್ಕಕ್ಕೆ ಹೋಗಿ ಮೇಲಿನವರಿಗೆ ಫೋನು ಮಾಡಿದ. “ಇಲ್ಲ ಸಾರ್, ಇವತ್ತು ಆಗಲ್ಲ… ಫಂಕ್ಷನ್ ನಡೀತಿದೆ ಸಾರ್… ಹ್ಞೂಂ ಸಾರ್, ಧಾರ್ಮಿಕ ಕಾರ್ಯಕ್ರಮ… ಪಬ್ಲಿಕ್ ಎಲ್ಲಾ ಸೇರಿದಾರೆ.” ನಮ್ಮೂರಿನಲ್ಲಿ ರಸ್ತೆಯನ್ನೇ ಮುಚ್ಚಿ ಪೆಂಡಾಲು ಹಾಕಲು ಸಾಕಾಗುವ ಆ ಎರಡು ಪದಗಳು ಅಂದು ಮೂರು ಟಾರ್ಪಾಲುಗಳನ್ನು ಕಾದವು. ಲಾರಿ ಖಾಲಿಯಾಗಿ ತಿರುಗಿತು. ಅದು ಮೂಲೆ ದಾಟುತ್ತಿದ್ದಂತೆ ಬೀದಿಯಲ್ಲಿ ಎದ್ದ ಕೂಗನ್ನು ನಾನು ಕ್ರಿಕೆಟ್ ಗೆದ್ದ ದಿನಗಳಲ್ಲೂ ಅಲ್ಲಿ ಕೇಳಿರಲಿಲ್ಲ. ಶಿಳ್ಳೆ ಹೊಡೆದವರಲ್ಲಿ ವಾಟ್ಸಾಪಿನಲ್ಲಿ ಕೈಮುಗಿದಿದ್ದವರೂ ಇದ್ದರು. ಅಳುತ್ತಿದ್ದ ಆ ತಾಯಿ ಈಗ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾಗುತ್ತಿರಲಿಲ್ಲ.

ಇನ್ನು ನನ್ನ ನೆನಪೂ ಅಮ್ಮನ ನೆನಪೂ ಬೇರೆಯಾಗುವ ಜಾಗ.

ನನ್ನ ನೆನಪಿನಲ್ಲಿ, ಲಾರಿ ಹೋದ ಮೇಲೆ ಆಂಟಿ ಒಳಗಿನಿಂದ ಗಿಂಡಿಯನ್ನು ಮತ್ತೆ ತುಂಬಿಸಿ ತಂದರು. ಸಾಲಾಗಿ ನಿಂತ ಮುತ್ತೈದೆಯರನ್ನೆಲ್ಲ ದಾಟಿಕೊಂಡು ಹೋಗಿ, ಟಾರ್ಪಾಲಿನ ಪಕ್ಕ ನಿಂತಿದ್ದ ಆ ತಾಯಿಯ ಕೈಗೆ ಕೊಟ್ಟು, “ಹೆತ್ತವಳು ನೀನು. ನೀನೂ ಎರಿ” ಎಂದರು. ಅವಳು ಎರೆದಳು. ಗಿಂಡಿ ಹಿಡಿದ ಬರಿಗೈ ನನಗೆ ಈಗಲೂ ಕಾಣುತ್ತದೆ.

ಅಮ್ಮನ ಪ್ರಕಾರ ಹಾಗೇನೂ ನಡೆಯಲೇ ಇಲ್ಲ. ಲಾರಿ ಹೋದ ಮೇಲೆ ಆಂಟಿ ತಲೆನೋವೆಂದು ಒಳಗೆ ಹೋದರು, ಅಮ್ಮನೇ ಅವರ ಹಿಂದೆ ಹೋಗಿ ಕಾಫಿ ಮಾಡಿ ಕೊಟ್ಟಳು. “ಅವಳನ್ನ ನಂಗಿಂತ ನಿಂಗೆ ಜಾಸ್ತಿ ಗೊತ್ತಾ? ಅವಳು ಅಂಥದ್ದು ಮಾಡೋಳೇ ಅಲ್ಲ. ನೀವು ಓದಿದೋರು ಹೀಗೇ, ಜನ ಹೇಗಿರ್ಬೇಕಿತ್ತೋ ಹಾಗೇ ನೆನಪಿಟ್ಕೋತೀರ.” ಅಮ್ಮ ಹೇಳುವುದರಲ್ಲಿ ಅರ್ಥವಿತ್ತು. ಅಷ್ಟು ವರ್ಷ ಪ್ರತಿ ಚಪ್ಪರದಲ್ಲೂ ಹಿಂದಿನ ಸಾಲಿನಲ್ಲಿ ನಿಂತವಳು ಅವಳೇ. ನಾನು ನನ್ನ ಆಸೆಯನ್ನೇ ನೆನಪೆಂದು ಇಟ್ಟುಕೊಂಡಿರಬಹುದೇ… ಬರೆಯುವ ಅಭ್ಯಾಸವಿರುವವರು ಹಾಗೆ ಮಾಡುತ್ತಾರೆ. ಎಷ್ಟೋ ಸಲ ಈ ಕತೆಯನ್ನು ಯಾರಿಗಾದರೂ ಹೇಳುವಾಗ ಲಾರಿ ಹೋದಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ.

ಉಳಿದದ್ದರಲ್ಲಿ ಜಗಳವಿಲ್ಲ. ಅಂದು ಸಂಜೆಯೊಳಗೆ ಆಂಟಿಯ ಕುಂಡಗಳು ಜಾಗ ಬದಲಾಯಿಸಿದವು. ಅಡ್ಡಡ್ಡಲಾಗಿ ಇದ್ದವು ಚಪ್ಪರದ ಎರಡು ಪಕ್ಕಕ್ಕೆ ಸಾಲಾದವು, ನಡುವೆ ಹುಡುಗಿ ನಡೆದುಬರಲು ದಾರಿ. ಸಂಘದ ಪ್ಲಾಸ್ಟಿಕ್ ಕುರ್ಚಿಗಳನ್ನು ಅಧ್ಯಕ್ಷರ ಹೆಂಡತಿಯೇ ತೆಗೆಸಿಕೊಟ್ಟರು. ಹಿಂಬಾಗಿಲ ಡಾಕ್ಟರು ಬಾಳೆಕಂಬ ಕಳಿಸಿದರು. ಆಂಟಿಯ ಸಿಟ್ಟಿನ ಸುದ್ದಿ ಅವರಿಗೆ ತಲುಪಿತ್ತೆಂದು ಕಾಣುತ್ತದೆ, ಬಾಳೆಕಂಬದ ಜೊತೆ ಅವರ ಮಗಳ ಮದುವೆಯ ಕರೆಯೋಲೆಯೂ ಇತ್ತು. ಮರುದಿನ ಬೆಳಿಗ್ಗೆ ಹುಡುಗಿ ಇಟ್ಟಿಗೆಯ ಹೊಸ್ತಿಲನ್ನು ಬಲಗಾಲಿಟ್ಟು ದಾಟಿ, ಹಂದರದ ಕೆಳಗಿನಿಂದ, ರಂಗೋಲಿ ಹಾಕಿದ ಫುಟ್‌ಪಾತಿನ ಮೇಲೆ ನಡೆದು ಹೊರಟಳು. ಎದುರುಗೊಳ್ಳಲು ಬಂದಿದ್ದ ಗಂಡಿನ ಕಡೆಯವರು ಅಷ್ಟೊಂದು ರೇಷ್ಮೆ ಸೀರೆಗಳನ್ನು ನೋಡಿ ಕಕ್ಕಾಬಿಕ್ಕಿಯಾದರು. ವಸಂತಪುರದ ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದಾಯಿತು. ಕೆಲವು ದಿನಗಳ ಮೇಲೆ ಅವಳು ತವರಿಗೆಂದು ಫುಟ್‌ಪಾತಿಗೇ ಬಂದಳು. ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿದವರು ಆಂಟಿ.

ಕಂಬ ಕೀಳುವ ದಿನಕ್ಕೆ ಮೊದಲೇ ಅವರು ಇನ್ನೊಂದು ಕೆಲಸ ಮುಗಿಸಿದ್ದರು. ಸುಬ್ರಹ್ಮಣ್ಯಪುರದಲ್ಲಿ ಅವರ ದೂರದ ನೆಂಟರದೊಂದು ಹಳೆಯ ವಠಾರವಿತ್ತು. ಮೂರು ಕುಟುಂಬಗಳಿಗೂ ಅಲ್ಲಿ ರೂಮು ಸಿಕ್ಕಿತು. ‘ಇವರು ಯಾರು, ಏನು ಕತೆ?’ ಎಂದು ನೆಂಟರು ಕೇಳಿದ್ದಕ್ಕೆ ಆಂಟಿ, “ನಾನು ಹಾಲೆರೆದ ಮನೆಯೋರು” ಎಂದರಂತೆ. ಇಷ್ಟು ದಿನ ಆ ಜನಕ್ಕೆ ಇಲ್ಲದೆ ಹೋಗಿದ್ದದ್ದು ಅಂಥ ಒಂದು ಮಾತು ಮಾತ್ರ. ಲಾರಿಯಿಲ್ಲದೆ, ಹಾರೆಯಿಲ್ಲದೆ, ತಮ್ಮ ಟಾರ್ಪಾಲುಗಳನ್ನು ತಾವೇ ಮಡಚಿಕೊಂಡು ಅವರು ಹೊರಟರು. ಹೊರಡುವಾಗ ಆಂಟಿ ಒಂದು ಕುಂಡವನ್ನು, ಕಷ್ಟಪಟ್ಟು ಬೆಳೆಸಿದ ತುಳಸಿಯ ಸಮೇತ, ಆ ತಾಯಿಗೆ ಕೊಟ್ಟರು. “ಮನೆ ಮುಂದೆ ಇಟ್ಕೊಳಿ. ಬಾಗಿಲಿಗೆ ಅಡ್ಡ ಇಡಬೇಡಿ” ಎಂದರು. ಹೇಳಿಯಾದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದವರಂತೆ ಕುಂಡದ ಮೇಲಿನ ಕೆಂಪು ನಂಬರನ್ನು ಸೆರಗಿನಿಂದ ಒರೆಸಿದರು. “ಅಂತೂ ಫುಟ್‌ಪಾತು ಖಾಲಿ ಆಯ್ತಲ್ಲ, ಸಂಘದ ಶ್ರಮ ಸಾರ್ಥಕ” ಎಂದರು ಅಧ್ಯಕ್ಷರು. ಯಾರೂ ಅಲ್ಲಗಳೆಯಲಿಲ್ಲ.

ಆಂಟಿ ಆ ಒಂದು ಬೆಳಿಗ್ಗೆಯಿಂದ ಬೇರೆಯೇ ಮನುಷ್ಯರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಕರೆಯದವರ ಮೇಲಿನ ಸಿಟ್ಟು ಹಾಗೇ ಇತ್ತು. ಬೆಳಿಗ್ಗೆಯ ಪೈಪೂ ಹಾಗೇ ಇತ್ತು. ಆದರೆ ನೀರು ಈಗ ಅವರ ಗೇಟಿನ ಅಂಚಿಗೆ ನಿಲ್ಲುತ್ತಿತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಇದಕ್ಕೆ ಅಮ್ಮನ ಒಪ್ಪಿಗೆಯೂ ಇದೆ.

ಅವರು ತೀರಿಕೊಂಡು ಈಗ ನಾಲ್ಕೈದು ವರ್ಷವಾಗಿರಬೇಕು. ಅಂಕಲ್ ಮಗನ ಜೊತೆ ಮೈಸೂರಿಗೆ ಹೋದರು. ಮೂಲೆಮನೆಯ ಜಾಗದಲ್ಲಿ ಎತ್ತರದ ಕಟ್ಟಡವೊಂದು ಬಂದಿದೆ. ಫುಟ್‌ಪಾತಿಗೆ ಹೊಸ ಕಲ್ಲು ಹಾಸಿ, ಉದ್ದಕ್ಕೂ ಹೊಳೆಯುವ ಗೂಟಗಳನ್ನು ನೆಟ್ಟಿದ್ದಾರೆ. ಒಂದು ಕೊಂಬೆ ನೆಡುವಷ್ಟು ಮಣ್ಣೂ ಎಲ್ಲೂ ಕಾಣುವುದಿಲ್ಲ. ಮೆಟ್ರೊ ಕಂಬಗಳ ಕೆಳಗೆ ಈಗ ಬೇರೆ ಯಾರೋ ಮಲಗುತ್ತಾರೆ. ಅವರಲ್ಲಿಗೂ ಲಾರಿ ಬರುತ್ತದೆ, ತುಂಬಿಕೊಂಡೇ ಹೋಗುತ್ತದೆ. ಹಾಗೆ ಹೋಗುವುದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಒಂದು ರೇಷ್ಮೆ ಸೀರೆಯನ್ನು ಹುಡುಕುತ್ತದೆ.

ಕಳೆದ ವಾರ ವಸಂತಪುರದಲ್ಲಿ ನಾವು ಹೋಗಿದ್ದದ್ದು ಅಂದು ಅಕ್ಕನ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದ ತಂಗಿಯ ಮದುವೆಯ ಚಪ್ಪರಕ್ಕೆ. ಅಕ್ಕ, ಅವಳ ಗಂಡ, ತಾಯಿ ಎಲ್ಲರೂ ದುಡಿದು ಅಲ್ಲಿ ತಮ್ಮದೇ ಒಂದು ಪುಟ್ಟ ಮನೆ ಕಟ್ಟಿಕೊಂಡಿದ್ದಾರೆ. ಎರಡು ಕೋಣೆ, ಹಸಿರು ಬಣ್ಣದ ಬಾಗಿಲು, ಬೀಟೆಯಂತೆ ಕಾಣಲೆಂದು ಪಾಲಿಶ್ ಹಾಕಿಸಿದ ನಿಜವಾದ ಹೊಸ್ತಿಲು. ಅದರ ಮುಂದೆ ಅತ್ತಿಯ ಕಂಬ. ಸುತ್ತ ಬೀದಿಯ ಹೆಂಗಸರೆಲ್ಲ ನಿಂತಿದ್ದರು. ನಾನೂ ಅಮ್ಮನೂ ಎಂದಿನಂತೆ ಹಿಂದೆ ಹೋಗಿ ನಿಂತೆವು.

ಗಿಂಡಿ ಬಂತು. ತಾಯಿ, ಈಗ ತಲೆಯೆಲ್ಲ ನರೆತವಳು, ಮುಂದೆ ಬಂದು ಅದನ್ನು ತೆಗೆದುಕೊಂಡಳು. ಯಾರನ್ನೂ ಕೇಳಲಿಲ್ಲ, ಹಿಂಜರಿಯಲಿಲ್ಲ. ಎಡಗೈಯಿಂದ ಕಂಬ ಹಿಡಿದು ಬಲಗೈಯಿಂದ ಧಾರೆಯಾಗಿ ಎರೆದಳು.

“ಮುಂಚೆ ಯಾವಾಗ್ಲಾದ್ರೂ ಹಾಕಿದ್ರಾ?” ಎಂದು ಕೇಳಿಯೇಬಿಟ್ಟೆ.

“ಇದು ಎರಡ್ನೇದ್ರಿ” ಎಂದಳು. “ಮೊದಲನೇದು ಫುಟ್‌ಪಾತ್ನಾಗ. ಮೂಲಿಮನಿ ಅವ್ವಾರು ಕೈಯಾಗ ಕೊಟ್ಟಿದ್ರಲ್ರೀ. ನೀವೂ ಅಲ್ಲೇ ಇದ್ರಿ.”

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ನನ್ನ ಕಡೆ ನೋಡಲಿಲ್ಲ, ಆ ಗಿಂಡಿಯನ್ನೇ ನೋಡುತ್ತಿದ್ದಳು. ಮದುಮಗಳ ತಾಯಿಗೆ ಏನನ್ನಿಸಿತೋ, ಸಾಲನ್ನು ಸರಿಸಿಕೊಂಡು ನೇರವಾಗಿ ಹಿಂದಕ್ಕೆ ಬಂದಳು.

“ಹಿಡೀರಿ ಅಮ್ಮಾರ.”

“ಅಯ್ಯೋ, ನಂಗ್ಯಾಕಮ್ಮ… ನಾನು…”

“ನನಗ ಅವ್ರು ಕೊಟ್ರು. ನಿಮಗ ನಾ ಕೊಡ್ತೀನಿ. ಹಿಡೀರಿ.”

ಅಮ್ಮ ಹಿಡಿದುಕೊಂಡಳು. ಎಲ್ಲರೂ ದಾರಿ ಬಿಟ್ಟರು. ಹಾಲು ಸ್ವಲ್ಪ ಮಣಿಕಟ್ಟಿನ ಮೇಲೂ ಹರಿಯಿತು, ಆದರೆ ಧಾರೆ ತಪ್ಪಲಿಲ್ಲ. ಮದುಮಗಳು ಬಗ್ಗಿ ಅವಳ ಕಾಲಿಗೆ ನಮಸ್ಕಾರ ಮಾಡಿದಳು. ಬಾಗಿಲ ಪಕ್ಕದಲ್ಲಿ, ಯಾರಿಗೂ ಅಡ್ಡವಾಗದಂತೆ, ಒಂದು ಸಿಮೆಂಟಿನ ಕುಂಡವಿತ್ತು. ಕೆಂಪು ನಂಬರು ಮಾಸಿದ್ದರೂ ಓದಲು ಬರುತ್ತಿತ್ತು.

ವಾಪಸು ಬರುವಾಗ ಆಟೋ ಬನಶಂಕರಿಯ ಸಿಗ್ನಲ್ಲಿನಲ್ಲಿ ನಿಂತಾಗ ಅಮ್ಮ, “ನಂಗೆ ಮಾತ್ರ ಮೂಲೆಮನೆಯೋಳು ಯಾವತ್ತೂ ಕೊಡ್ಲಿಲ್ಲ ನೋಡು” ಎಂದಳು. ಆಟೋ ಮತ್ತೆ ಹೊರಟ ಮೇಲೆ, “ಇನ್ನೊಂದೆರಡು ವರ್ಷ ಇದ್ದಿದ್ರೆ ಕೊಟ್ಟಿರೋಳು. ಇರ್ಬೇಕಿತ್ತು ಅವಳು” ಎಂದಳು.

ಕೈ ಒರೆಸಿಕೊಳ್ಳಲೆಂದು ನಾನು ಕರ್ಚೀಫು ಕೊಟ್ಟೆ. ಅಮ್ಮ ತೆಗೆದುಕೊಳ್ಳಲಿಲ್ಲ. ಮಣಿಕಟ್ಟನ್ನು ಮೂಗಿನ ಬಳಿ ಹಿಡಿದು ಒಮ್ಮೆ ಮೂಸಿ, ಕೈಯನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡು ಕುಳಿತಳು, ಮನೆ ಬರುವ ತನಕ.